ಕೋಡಿಗೆ ಅಡ್ಡ ಇಟ್ಟ ಮೂಟೆಗಳು

ಮೋಟಾರು ಬಿಚ್ಚುವ ಪಾನಾ ಹಿಡಿಯಲು ಕಲಿಸಿದ ನನ್ನ ಉಸ್ತಾದರಿಗೆ,

ನೀವಿದ್ದಿದ್ದರೆ ಈ ಸುದ್ದಿ ಹೇಳಲು ಕಾನಹೊಸಹಳ್ಳಿಯ ನಿಮ್ಮ ಅಂಗಡಿಗೇ ಓಡಿಬರುತ್ತಿದ್ದೆ. ನೀವಿಲ್ಲ. ಹಾಗಂತ ಹೇಳದೆ ಬಿಡಲೇ?

ಗುಡೇಕೋಟೆ ಕಡೆಯ ಕೆಳಗಿನೂರಿನಲ್ಲಿ ಬೋರಿನ ಮೋಟಾರು ಎತ್ತಿದ್ದು ನೆನಪಿದೆಯೇ? ನೀರು ಆಳಕ್ಕೆ ಹೋಗಿದ್ದರಿಂದ ಮತ್ತೆ ಇಳಿಸುವಾಗ ಇನ್ನೊಂದು ಪೈಪು ಜೋಡಿಸಬೇಕಾಯಿತು. ಮರುವಾರ ಮೇಲಿನೂರಿನಲ್ಲಿ, ಅಂದರೆ ನಮ್ಮೂರಿನಲ್ಲಿ, ಅದೇ ಕೆಲಸ. ನೀವು ಬೆವರು ಒರೆಸುತ್ತ ಕೇಳಿದಿರಿ: "ಲೇ, ನಿಮ್ಮೂರ ಕೆರಿ ತುಂಬೈತಿ, ಅವ್ರದು ಒಣಗೈತಿ. ಪೈಪ್ ಮಾತ್ರ ಎರಡೂ ಕಡಿ ಹೆಚ್ಚಾಗಾಕತ್ತೈತಿ. ಯಾಕ? ಕೆರಿ ನೀರು ಸಿಗಲಾರದ್ದಕ್ಕ ಅವ್ರು ಬೋರಿನಾಗಿಂದ ಎಳಿತಾರ. ಭೂಮಿ ಒಳಗ ನಿಮ್ದು, ಅವ್ರದು ಅಂತ ಗೋಡಿ ಐತೇನು?"

ಅಡ್ಡಗಾಲು ನಮ್ಮದೇ. ಕೆರೆ ತುಂಬಿ ನೀರು ಹೊರಬೀಳುವ ಕೋಡಿಯ ಮೇಲೆ ಪ್ರತಿ ಮಳೆಗಾಲ ಮರಳಿನ ಮೂಟೆ ಪೇರಿಸಿ, ಇನ್ನೊಂದು ಮೊಳ ನೀರು ಉಳಿಸಿಕೊಂಡೆವೆಂದು ಬೀಗುತ್ತಿದ್ದೆವು. ಕೆಳಗಿನ ಕೆರೆಗೆ ಹನಿಯೂ ತಲುಪುತ್ತಿರಲಿಲ್ಲ. ಎಂಥ ಜಾಣರು ನಾವು!

ನಮ್ಮೂರ ಗುಡಿಕಟ್ಟೆಯಲ್ಲಿ ನೀವು ಇದನ್ನೇ ಹೇಳಿದಾಗ, "ಮೋಟಾರ್ ರಿಪೇರಿಯವ್ನಿಗೆ ಕೆರಿ ಉಸಾಬರಿ ಯಾಕ?" ಎಂದು ಗೌಡರು ಗದರಿದರು. "ಯಾರ ಕಡಿಯಾಂವಲೇ ಇಂವ?" ಎಂದು ಯಾರೋ ನಕ್ಕರು. ನೀವು ನನ್ನತ್ತ ನೋಡಿದಿರಿ. ನಾನು ತಲೆ ತಗ್ಗಿಸಿದೆ. ಆಮೇಲೆ ನಮ್ಮೂರಿನ ಒಂದು ಮೋಟಾರೂ ನಿಮ್ಮ ಅಂಗಡಿಗೆ ಬರಲಿಲ್ಲ. ನೀವು ಬೈದಿದ್ದರಾದರೂ... ಈಗಲೂ ನಾಚಿಕೆಯಾಗುತ್ತದೆ, ಉಸ್ತಾದ್.

ಈ ಸಲ ಮುಂಗಾರಿಗೆ ಮುಂಚೆ ಅದೇ ಕಟ್ಟೆಯಲ್ಲಿ ನಾನು ಎದ್ದು ನಿಂತೆ. "ನಿಮ್ಮ ನಿಮ್ಮ ಬೋರಿಗೆ ಎಷ್ಟು ಪೈಪ್ ಇಳಿಸೀರಿ, ಹೇಳ್ರಿ ನೋಡೋಣು" ಎಂದೆ. ಒಬ್ಬೊಬ್ಬರೇ ಹೇಳುತ್ತ ಹೋದಂತೆ, ಪೈಪು ಹೆಚ್ಚಿಸದ ಬೋರು ಒಂದೂ ಇಲ್ಲವೆಂಬುದು ಬಯಲಾಯಿತು. ಭೂಮಿಯೊಳಗೆ ಗೋಡೆಯಿಲ್ಲವೆಂಬ ನಿಮ್ಮ ಮಾತನ್ನೇ ಮತ್ತೆ ಹೇಳಿದೆ.

"ಹಂಗಾದ್ರ ಮೂಟಿ ತಗಿಯೋರು ಯಾರು?" ಅಂದರು ಅದೇ ಗೌಡರು.

"ಇಟ್ಟೋರೇ ತಗೀಬೇಕ್ರಿ. ಮೊದ್ಲು ನಾನು."

ಮರುದಿನ ನಾವು ಮೂಟೆ ಎತ್ತುವಾಗ ಕೆಳಗಿನೂರಿನವರೂ ಬಂದರು. ಜಗಳಕ್ಕಲ್ಲ, ಸಲಿಕೆ ಹಿಡಿದು. ಎರಡು ಕೆರೆಗಳ ನಡುವಿನ ಹಳ್ಳದಲ್ಲಿ ಬೆಳೆದಿದ್ದ ಜಾಲಿಯನ್ನು ಎರಡೂ ಊರು ಸೇರಿ ಕಡಿದೆವು. ಇನ್ನೂ ಕೆಳಗಿನ ಮೂರನೆಯ ಊರಿನವರು ನಮ್ಮನ್ನು ಮಾತಿಗೆ ಕರೆದಿದ್ದಾರೆ. ಹೋಗಿಯೇ ಹೋಗುತ್ತೇನೆ.

ಮೊನ್ನೆ ನಮ್ಮ ಕೆರೆ ತುಂಬಿ ಕೋಡಿ ಬಿತ್ತು. ನೀರಿನ ಜೊತೆಗೇ ದಂಡೆಗುಂಟ ನಡೆದೆ. ಕೆಳಗಿನ ಕೆರೆಯ ಏರಿಯ ಮೇಲೆ ಜನವೋ ಜನ. ಮುದುಕಿಯೊಬ್ಬಳು ನನ್ನ ಕೈ ಹಿಡಿದು, "ನೀ ಯಾರ ಪೈಕಿ ಯಪ್ಪಾ?" ಎಂದಳು.

ನಮ್ಮೂರಿನವರೆಲ್ಲ ಅಲ್ಲೇ ಇದ್ದರು. ಗೌಡರೂ ಇದ್ದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಕಾನಹೊಸಹಳ್ಳಿ ಮೋಟಾರ್ ಉಸ್ತಾದರ ಶಿಷ್ಯ ಅದೀನಿ ಯವ್ವಾ."