ಎರಡು ಅಂಗಿ ಸುಟ್ಟ ಕಾದಂಬರಿ

ಲಾಂಡ್ರಿ ಅಂಗಡಿಯಿಂದ,
ಗುರುವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಬೀಗಿತ್ತಿಯವರಿಗೆ,

ಇಸ್ತ್ರಿ ಮೇಜಿನ ಮುಂದೆ ನಿಂತುಕೊಂಡೇ ಮಾಡಿದ ನಮಸ್ಕಾರ. ಮೇಲಿನ ಆ ಒಂದು ಪದ ಬರೆಯಲು ಮೂರು ಹಾಳೆ ಹರಿದು ಹಾಕಿದ್ದೇನೆ. ನಿಮ್ಮ ಮಗಳೂ ನನ್ನ ಮಗನೂ ಸಹಿ ಹಾಕಿ ಬೇರೆಯಾದ ಮೇಲೆ ನಾವಿಬ್ಬರೂ ಬೀಗಿತ್ತಿಯರಾಗಿ ಉಳಿದಿದ್ದೇವೋ ಇಲ್ಲವೋ, ಕೇಳೋಣವೆಂದರೆ ತಿಳಿದವರು ಯಾರೂ ಸಿಗಲಿಲ್ಲ. ‘ಮಾನ್ಯರೇ’ ಎಂದು ಬರೆದೆ, ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ದೂರು ಕೊಟ್ಟ ಹಾಗಿತ್ತು. ‘ಗೆಳತಿ’ ಎಂದು ಬರೆದೆ, ಈ ವಯಸ್ಸಿನಲ್ಲಿ ನಾಚಿಕೆಯಾಯಿತು. ಕೊನೆಗೆ ಹಳೆಯದೇ ಇರಲಿ ಎಂದುಕೊಂಡೆ. ಬೇಡವೆನಿಸಿದರೆ ನಿಮ್ಮ ಹಸಿರು ಪೆನ್ನಿನಲ್ಲಿ ಹೊಡೆದು ಹಾಕಿ.

ನಿಮ್ಮ ಪಾರ್ಸೆಲ್ ಸೋಮವಾರ ಬಂತು. ಬಟ್ಟೆ ತಂದವರು ಯಾರೋ ಬಿಟ್ಟುಹೋದರೆಂದು ರಸೀದಿ ಹುಡುಕಿದೆ, ಆಮೇಲೆ ವಿಳಾಸದ ಅಕ್ಷರ ಕಂಡಿತು. ಕನ್ನಡಕದ ಅಂಗಡಿಯಲ್ಲಿ ಕೂತು ಕೂತು ನೀವು ವಿಳಾಸವನ್ನೂ ಗೋಡೆಯ ಮೇಲಿನ ಅಕ್ಷರದ ಪಟದಂತೆ ಮೇಲಿಂದ ಕೆಳಕ್ಕೆ ಚಿಕ್ಕದಾಗಿಸುತ್ತಾ ಬರೆಯುತ್ತೀರಿ. ಒಳಗೆ ನಿಮ್ಮಿಂದ ತಂದು ನಾನು ಅರ್ಧ ಓದಿದ್ದ ಆ ದೋಣಿಯ ಕಾದಂಬರಿ. ನೂರ ಎಂಬತ್ತನಾಲ್ಕನೇ ಪುಟದಲ್ಲಿ ನಾನಿಟ್ಟ ಗುಲಾಬಿ ಲಾಂಡ್ರಿ ಚೀಟಿ ಇಟ್ಟಲ್ಲೇ ಇತ್ತು. ಜೊತೆಗೆ ನಿಮ್ಮ ಎರಡು ಸಾಲು: ‘ಅರ್ಧ ಓದಿ ವಾಪಸ್ ಕಳಿಸೋದು ಯಾವ ಸೀಮೆ ಪದ್ಧತಿ? ಮುಂದಕ್ಕೆ ಹೋಗೋ ಮುಂಚೆ ಹಿಂದಿಂದನ್ನೂ ಒಂದ್ಸಲ ತಿರುವಿ ಹಾಕಿ, ಮರೆತಿರ್ತೀರ.’

ನನ್ನ ಜ್ಞಾಪಕಶಕ್ತಿಯನ್ನು ಆಡಿಕೊಳ್ಳುವುದನ್ನು ನೀವಿನ್ನೂ ಬಿಟ್ಟಿಲ್ಲ ಎಂದು ಗೊತ್ತಾದದ್ದೇ ತಡ, ಬಟ್ಟೆಯ ಗಂಟಿನ ಮೇಲೆ ಕೂತುಬಿಟ್ಟೆ. ಮೂರು ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಗಿರಾಕಿಯೊಬ್ಬರು ನೀರು ತಂದುಕೊಟ್ಟರು.

ಈಗ ನಿಜ ಹೇಳುತ್ತೇನೆ, ಆ ಪುಸ್ತಕಗಳನ್ನು ನಾನು ಕಳಿಸಿದ್ದಲ್ಲ. ಗೋದಾಮಿನಲ್ಲಿ ಮೂವತ್ತು ವರ್ಷ ಸ್ಟಾಕ್ ನೋಡಿಕೊಂಡ ನಮ್ಮ ಯಜಮಾನರ ಸ್ವಭಾವ ನಿಮಗೆ ಗೊತ್ತು. ನಿಮ್ಮ ಮಗಳ ಸಾಮಾನು ಕಟ್ಟಿದ ದಿನ ‘ಅವ್ರ ಮನೆಯ ಒಂದು ಚಮಚ ಕೂಡ ನಮ್ಮಲ್ಲಿ ಉಳೀಬಾರ್ದು’ ಎಂದು ಹಟ ಹಿಡಿದು ಕೂತರು. ನಾನು ಅಂಗಡಿಯಲ್ಲಿದ್ದೆ. ಸಂಜೆ ಮನೆಗೆ ಹೋದರೆ ಹೊಲಿಗೆ ಮೆಷಿನ್, ಸೂಟ್‌ಕೇಸು, ಮಡಚುವ ಮೇಜಿನ ಜೊತೆಗೆ ನಿಮ್ಮ ಹನ್ನೊಂದು ಕಾದಂಬರಿಗಳೂ ವ್ಯಾನು ಹತ್ತಿ ಹೋಗಿದ್ದವು. ನಾಲ್ಕು ವರ್ಷ ನಿಮ್ಮ ಮಗಳ ಕೈಚೀಲದಲ್ಲಿ ನಮ್ಮಿಬ್ಬರ ನಡುವೆ ಒಂದೊಂದಾಗಿ ಓಡಾಡಿದ ಪುಸ್ತಕಗಳು ಒಂದೇ ದಿನ ಗಂಟುಮೂಟೆ ಕಟ್ಟಿದ್ದವು. ಫ್ರಿಡ್ಜಿನ ಮೇಲೆ ಬರೀ ಪುಸ್ತಕದ ಆಕಾರದ ಧೂಳು. ನಿಮಗೆ ಫೋನು ಮಾಡಿ ‘ಅದು ನಾನಲ್ಲ’ ಎನ್ನಬೇಕಿತ್ತು. ಮಗಳ ಸಾಮಾನು ವ್ಯಾನಿನಿಂದ ಇಳಿಸಿಕೊಳ್ಳುತ್ತಿರುವ ತಾಯಿಗೆ ಫೋನು ಮಾಡಿ ನನ್ನ ಕಾದಂಬರಿ ಎಲ್ಲಿ ಎಂದು ಕೇಳುವಷ್ಟು ಗಟ್ಟಿ ಮುಖ ನನ್ನದಲ್ಲ.

ನೀವೂ ಮಾಡಲಿಲ್ಲ. ಸಹಿಯಾದ ದಿನ ಕೋರ್ಟಿನ ಮೆಟ್ಟಿಲ ಮೇಲೆ ನೀವು ಕನ್ನಡಕ ಒರೆಸುತ್ತಾ ನಿಂತಿರಿ, ನಾನು ಸರಿಯಾಗಿಯೇ ಇದ್ದ ಚಪ್ಪಲಿಯನ್ನು ಸರಿಮಾಡಿಕೊಂಡೆ. ಮಕ್ಕಳಿಬ್ಬರು ಮಾತ್ರ ಪಕ್ಕದ ಅಂಗಡಿಯಲ್ಲಿ ಆರಾಮವಾಗಿ ಕಾಫಿ ಕುಡಿಯುತ್ತಿದ್ದರು. ಮದುವೆ ಮುಗಿದದ್ದು ಅವರದು, ಮುಖ ತಿರುಗಿಸಿಕೊಂಡವರು ನಾವು.

ಈ ಮೂರು ತಿಂಗಳು ಓದಲಿಲ್ಲ ಎಂದುಕೊಳ್ಳಬೇಡಿ. ಲೈಬ್ರರಿಯಿಂದ ತಂದು ಓದಿದೆ, ಆದರೆ ಓದಿದ್ದನ್ನು ಯಾರಿಗೆ ಹೇಳಲಿ? ಒಂದು ಕತೆ ನಮ್ಮ ಯಜಮಾನರಿಗೆ ಹೇಳಿದೆ. ಎಲ್ಲ ಕೇಳಿ ‘ಕೊನೆಗೆ ಎಷ್ಟು ಜನ ಉಳಿದ್ರು?’ ಎಂದರು. ಆದ್ದರಿಂದ ಎಲ್ಲ ನಿಮಗೇ ಬಾಕಿ ಇದೆ, ಕೇಳಿಸಿಕೊಳ್ಳಿ.

ಹಲ್ಲಿನ ಡಾಕ್ಟರ ಕೊಲೆಯ ಪತ್ತೇದಾರಿ ಕಾದಂಬರಿ ಎಲ್ಲರೂ ಹೊಗಳುತ್ತಿದ್ದಾರೆ, ನೀವು ಮುಟ್ಟಲೇಬೇಡಿ. ಕೊಲೆಗಾರ ತನ್ನ ಬಿಳಿ ಕೋಟನ್ನು ಕುದಿಯುವ ನೀರಿಗೆ ಅದ್ದಿದನಂತೆ, ರಕ್ತದ ಕಲೆ ಮಾಯವಾಯಿತಂತೆ! ಬಿಸಿನೀರು ಬಿದ್ದರೆ ರಕ್ತದ ಕಲೆ ಅಲ್ಲೇ ಬೇರು ಬಿಟ್ಟುಕೊಂಡು ಕೂರುತ್ತದೆ, ತಣ್ಣೀರೇ ಆಗಬೇಕು. ಇಪ್ಪತ್ತಾರು ವರ್ಷದಿಂದ ಕಲೆ ತೆಗೆಯುತ್ತಿರುವವಳಿಗೆ ಆ ಲೇಖಕರು ಕಿವಿಗೆ ಹೂವಿಟ್ಟಿದ್ದಾರೆ. ಆ ಕೋಟು ನನ್ನ ಕೈಗೆ ಬಂದಿದ್ದರೆ ಮೂವತ್ತನೇ ಪುಟಕ್ಕೇ ಪೊಲೀಸರನ್ನು ಕರೆಸುತ್ತಿದ್ದೆ. ಓದುತ್ತಾ ಇಸ್ತ್ರಿ ಮಾಡುವಾಗ ಮೈಮರೆತು ಒಂದು ಅಂಗಿಯೂ ಸುಡಲಿಲ್ಲ, ಅದೇ ಅದಕ್ಕೆ ನನ್ನ ಅಂಕ.

ಆರುನೂರು ಪುಟದ ಆ ದೊಡ್ಡ ಕುಟುಂಬದ ಕಾದಂಬರಿಯನ್ನು ಖಂಡಿತ ಓದಿ. ಮೊದಲ ಅಧ್ಯಾಯದಲ್ಲೇ ಇಪ್ಪತ್ತು ಜನ ಬರುತ್ತಾರೆ, ಎಲ್ಲರಿಗೂ ಅಜ್ಜನ ಹೆಸರೇ. ನನ್ನ ತಲೆ ಕೆಟ್ಟು, ಬಟ್ಟೆಗೆ ಕಟ್ಟುವ ನಂಬರ್ ಚೀಟಿಗಳನ್ನೇ ಒಬ್ಬೊಬ್ಬರಿಗೆ ಕೊಟ್ಟೆ. ಹನ್ನೊಂದನೇ ನಂಬರಿನವನು ಹದಿನಾಲ್ಕನೇ ನಂಬರಿನವಳನ್ನು ಮದುವೆಯಾದ, ಒಂಬತ್ತು ಅಡ್ಡಗಾಲು ಹಾಕಿದ. ಮಧ್ಯದಲ್ಲಿ ನಿಜವಾದ ಹದಿನಾಲ್ಕನೇ ನಂಬರಿನ ಬೆಡ್‌ಶೀಟನ್ನು ಬೇರೆ ಯಾರಿಗೋ ಕೊಟ್ಟು ಬೈಸಿಕೊಂಡೆ. ಒಂದು ಅಂಗಿ ಸುಟ್ಟಿತು. ಐನೂರನೇ ಪುಟದಲ್ಲಿ ಹದಿನಾಲ್ಕು ತೀರಿಕೊಂಡಾಗ ನಾನು ಅತ್ತದ್ದನ್ನು ಯಾರಿಗೂ ಹೇಳಬೇಡಿ.

ಇನ್ನು ನಿಮ್ಮ ದೋಣಿಯ ಕಾದಂಬರಿ. ಸೋಮವಾರ ಕೈಗೆ ಬಂದದ್ದು ಬುಧವಾರ ಬೆಳಗ್ಗೆ ಮುಗಿಯಿತು. ನೀವು ಹೇಳಿದ ಹಾಗೆ ಹಿಂದಿನದನ್ನು ತಿರುವಿ ಹಾಕಲಿಲ್ಲ, ಚೀಟಿ ಇದ್ದಲ್ಲಿಂದಲೇ ಮುಂದುವರಿಸಿದೆ. ಹಟಕ್ಕಲ್ಲ, ಕಾರಣ ಮುಂದೆ ಹೇಳುತ್ತೇನೆ. ದೋಣಿಯ ಟಿಕೆಟ್ ಕೊಡುವ ಆ ಹೆಂಗಸು, ಗಡಿಯಾರ ರಿಪೇರಿ ಮಾಡುವ ಆ ಗಂಡ, ಹದಿನೆಂಟು ವರ್ಷ ಒಂದೇ ಮೇಜಿನ ಎರಡು ತುದಿ. ಬಯ್ಯುವುದಿಲ್ಲ, ಹೊಡೆಯುವುದಿಲ್ಲ, ಉಪ್ಪು ಬೇಕೆಂದರೆ ಉಪ್ಪು ಸರಿಸುತ್ತಾರೆ. ಅವಳು ಓಡಿಹೋಗುತ್ತಾಳೆ ಎಂದು ನಾನು ಕಾದೇ ಕಾದೆ. ಕೊನೆಗೆ ಎದ್ದು ಹೋದದ್ದು ಅವನು! ಮೂರು ಬೀದಿ ಆಚೆ ಮನೆ ಮಾಡಿ, ಮಾರನೇ ವಾರ ದೋಣಿಯ ಟಿಕೆಟ್ ಕೊಳ್ಳಲು ಬಂದು, ಅವಳ ಕಿಟಕಿಯ ಮುಂದೆ ಅರ್ಧ ಗಂಟೆ ಮಾತಾಡುತ್ತಾ ನಿಂತನಲ್ಲ, ಹಿಂದಿನ ಸಾಲಿನವರೆಲ್ಲ ಕೂಗಾಡುತ್ತಿದ್ದರೂ! ಆ ಪುಟಕ್ಕೆ ಬ್ಯಾಂಕಿನವರ ನೀಲಿ ಅಂಗಿ ಹೋಯಿತು. ಅದರ ಮುಂದಿನ ಪುಟಕ್ಕೆ ನಮ್ಮ ಯಜಮಾನರ ಅಂಗಿ. ಎರಡು ಅಂಗಿ ಸುಟ್ಟ ಕಾದಂಬರಿ ಎಂದು ಬರೆದಿಟ್ಟುಕೊಳ್ಳಿ, ನಾಲ್ಕು ವರ್ಷದಲ್ಲಿ ಇಷ್ಟು ಯಾವುದಕ್ಕೂ ಸಿಕ್ಕಿಲ್ಲ.

ಈಗ ಆ ಕಾರಣ. ಹೇಳದೆ ಈ ಪತ್ರ ಹಾಕಿದರೆ ನಿಮ್ಮ ಮುಂದಿನ ಪುಸ್ತಕವನ್ನು ಯಾವ ಮುಖ ಇಟ್ಟುಕೊಂಡು ತೆಗೆದುಕೊಳ್ಳಲಿ?

ಓದುವಾಗ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚುವುದು ನನ್ನ ಚಾಳಿ, ಒಪ್ಪಿಗೆಯಾದ ಮಾತಿಗೆ ಹಸಿರು ಟಿಕ್ ಹಾಕುವುದು ನಿಮ್ಮದು. ಆ ಕಾದಂಬರಿಯ ನೂರ ಹನ್ನೆರಡನೇ ಪುಟದಲ್ಲಿ, ಅವರಿಬ್ಬರೂ ಮಾತಿಲ್ಲದೆ ಊಟ ಮಾಡುವ ಜಾಗದಲ್ಲಿ, ನಾನು ಹೀಗೇನೋ ಬರೆದೆ: ‘ಇಬ್ಬರೂ ಒಳ್ಳೆಯವರು, ಅದಕ್ಕೇ ಯಾರೂ ಏಳುತ್ತಿಲ್ಲ. ಯಾರಾದರೂ ಒಬ್ಬರು ಎದ್ದು ಹೋಗಬಾರದೇ, ಪುಣ್ಯ ಬರುತ್ತದೆ!’ ಕತೆಯವರಿಗೆ ಬರೆದದ್ದು. ನಮ್ಮ ಮನೆಯ ಮೇಜು ನೆನಪಿಗೆ ಬರಲಿಲ್ಲ ಎಂದರೆ ಅದು ಸುಳ್ಳು. ಮಗ ಒಂದು ತುದಿ, ನಿಮ್ಮ ಮಗಳು ಇನ್ನೊಂದು ತುದಿ, ಮಧ್ಯೆ ಉಪ್ಪು. ದಿನಾ ನೋಡುತ್ತಿದ್ದೆ.

ಪುಸ್ತಕವನ್ನು ಫ್ರಿಡ್ಜಿನ ಮೇಲೆ ಬಿಟ್ಟಿದ್ದೆ. ಒಂದು ಬೆಳಗ್ಗೆ ನಿಮ್ಮ ಮಗಳು ನಿಂತುಕೊಂಡು ಅದನ್ನೇ ಓದುತ್ತಿದ್ದಳು. ನನ್ನನ್ನು ಕಂಡು ಮುಚ್ಚಿಟ್ಟಳು. ಸರಿಯಾಗಿ ಹದಿನೈದು ದಿನಕ್ಕೆ ಇಬ್ಬರೂ ಬಂದು ಬೇರೆಯಾಗುತ್ತೇವೆ ಎಂದರು. ಎರಡೂ ಮನೆಯವರು ಕೂತು ಯಾಕೆ, ಏನು ಎಂದು ಕೇಳಿದಿರಲ್ಲ, ಅವಳು ‘ಜಗಳ ಏನೂ ಇಲ್ಲ’ ಎಂದಳು, ಅವನು ‘ಅವಳ ತಪ್ಪೇನಿಲ್ಲ’ ಎಂದ. ಅಷ್ಟು ಹೊತ್ತೂ ನಾನು ಟೀ ಮಾಡುವ ನೆಪದಲ್ಲಿ ಒಳಗೇ ಇದ್ದೆ. ಎಂಟು ಜನಕ್ಕೆ ಟೀ ಮಾಡಲು ಒಂದೂವರೆ ಗಂಟೆ ಬೇಕೇ? ನಿಮಗೆ ಆಗಲೇ ಅನುಮಾನ ಬರಬೇಕಿತ್ತು. ಅತ್ತೆಯೇ ಸೊಸೆಗೆ ಬಾಗಿಲು ತೋರಿಸಿದಳು ಎಂದು ನೀವು ಎದ್ದು ಬಂದು ಕೇಳುತ್ತೀರೆಂದು ಸಕ್ಕರೆ ಡಬ್ಬಿಯನ್ನು ಮೂರು ಸಲ ಒರೆಸಿಟ್ಟೆ.

ಪುಸ್ತಕ ಮೂರು ತಿಂಗಳು ನಿಮ್ಮ ಬಳಿ ಇತ್ತು. ಆ ಪುಟ ನೋಡಿಯೂ ಕಳಿಸಿದಿರೋ, ನೋಡದೆ ಕಳಿಸಿದಿರೋ ತಿಳಿಯದು. ಆ ಪುಟವನ್ನು ತೆರೆಯುವ ಧೈರ್ಯವಿಲ್ಲದೆಯೇ ನಾನು ಹಿಂದಕ್ಕೆ ತಿರುವಲಿಲ್ಲ. ನೋಡಿಲ್ಲವಾದರೆ ಈಗ ತಿಳಿಯಿತು. ಸಿಟ್ಟು ಬಂದರೆ ಬೈದು ಬರೆಯಿರಿ, ಸುಮ್ಮನಿರುವುದೊಂದು ಬೇಡ. ಸುಮ್ಮನಿರುವವರ ಕತೆ ಇದೀಗ ಓದಿ ಮುಗಿಸಿದ್ದೇನೆ.

ನನ್ನ ಮಗ ಚೆನ್ನಾಗಿದ್ದಾನೆ. ಬಿಸ್ಕತ್ತಿನ ಪೊಟ್ಟಣದ ಹಿಂಬದಿ ಬಿಟ್ಟರೆ ಇನ್ನೇನೂ ಓದದವನು, ನಿಮ್ಮ ಪಾರ್ಸೆಲ್ ನೋಡಿ ‘ಬಂತಾ, ಸದ್ಯ’ ಎಂದ. ಅವನಿಗೇನು ಸದ್ಯವೋ! ನಿಮ್ಮ ಮಗಳು ಸ್ನಾನದ ಮನೆಯಲ್ಲಿ ಮತ್ತೆ ಹಾಡುತ್ತಿದ್ದಾಳೆಂದು, ಫೋನಿನಲ್ಲಿ ಅವಳಿಂದಲೇ ತಿಳಿದು, ಅವನೇ ಹೇಳಿದ. ಕೇಳಿ ಸಂತೋಷವಾಯಿತು. ನಮ್ಮ ಮನೆಯಲ್ಲಿದ್ದಾಗ ಅವಳು ಹಾಡಿದ್ದೇ ಇಲ್ಲ.

ಆರುನೂರು ಪುಟದ್ದನ್ನು ನಂಬರ್ ಚೀಟಿಗಳ ಸಮೇತ ಕಳಿಸುತ್ತೇನೆ. ಬದಲಿಗೆ ನೀವೇನು ಓದುತ್ತಿದ್ದೀರಿ, ಬರೆಯಿರಿ.

ನೀವೇ ಹೆಸರಿಟ್ಟ,
ಇಸ್ತ್ರಿಪೆಟ್ಟಿಗೆ

ತಾ.ಕ.: ಪತ್ರ ಮಡಿಸುವ ಮುಂಚೆ, ನಾನು ಬರೆದ ಮಾತು ಅದೇ ತಾನೇ ಎಂದು ಖಾತ್ರಿ ಮಾಡಿಕೊಳ್ಳಲು ಗಟ್ಟಿ ಮನಸ್ಸು ಮಾಡಿ ನೂರ ಹನ್ನೆರಡನೇ ಪುಟ ತೆರೆದೆ. ನನ್ನ ಪೆನ್ಸಿಲಿನ ಕೆಳಗೆ ನಿಮ್ಮ ಮಗಳ ದುಂಡಗಿನ ಅಕ್ಷರ: ‘ಅತ್ತೆ, ಇದನ್ನ ಇವರಿಗೂ ಓದಿ ಹೇಳಿದೆ. ತುಂಬಾ ದಿನದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕೆವು, ಆಮೇಲೆ ಬೆಳಗಾಗುವವರೆಗೂ ಮಾತಾಡಿದೆವು. ಮದುವೆಯಾದ ಮೇಲೆ ನಾವಿಬ್ಬರೂ ಸೇರಿ ಓದಿದ್ದು ಇದೊಂದೇ ಪುಟ.’ ಅದರ ಕೆಳಗೆ ನನ್ನ ಮಗನ ಕೋಳಿಕಾಲಿನ ಅಕ್ಷರದಲ್ಲಿ, ‘ಹೌದಮ್ಮ.’ ಅದರ ಕೆಳಗೆ ನಿಮ್ಮ ಹಸಿರು ಟಿಕ್. ಹಿಂದಿನದನ್ನು ತಿರುವಿ ಹಾಕಿ ಎಂದದ್ದು ಇದಕ್ಕಾ, ಕಳ್ಳಿ? ಹೊಗೆ ಬರುತ್ತಿದೆ, ಪೆಟ್ಟಿಗೆ ಎತ್ತಿಡುವುದನ್ನು ಮರೆತೆ. ಈ ಸಲ ಹೋದದ್ದು ಮಗನ ಅಂಗಿ. ಮೂರು ಎಂದು ತಿದ್ದಿಕೊಳ್ಳಿ.