ತೋಳಿನ ಮೇಲಿನ ಅರಿಶಿನ

ಪೆರಂಬೂರು, ಚೆನ್ನೈ
೧೨ ಫೆಬ್ರವರಿ ೨೦೦೩

ಬೀಗಿತ್ತಿ ಸಾಕಮ್ಮನವರಿಗೆ ಸೀತಾರಾಮನ ನಮಸ್ಕಾರ.

ಅಲ್ಲ, ನಿನ್ನೆ ನಾನು ಹೇಳಬಂದದ್ದನ್ನು ಪೂರ್ತಿ ಕೇಳುವ ಮೊದಲೇ ಫೋನ್ ಇಟ್ಟುಬಿಟ್ಟರೆ ಹೇಗೆ? ಮದ್ದೂರಿಗೆ ಹೋಗಿ ಕೂತರೆ ಸಿಟ್ಟು ಇಳಿಯುತ್ತದೆಯೇ? ಇರಲಿ, ಮೊದಲು ಮಗುವಿನ ಸಮಾಚಾರ. ನಮ್ಮ ಮೊಮ್ಮಗಳು ಶ್ರೀಯಾಗೆ ಜ್ವರ ಬಿಟ್ಟು ನಾಲ್ಕು ದಿನವಾಯಿತು. ನಿನ್ನೆ ಬೆರಳ ತುದಿಯ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಸುಲಿಯಿತು. ಹೌಹಾರಿದೆ. ಈ ಕಾಯಿಲೆಯಲ್ಲಿ ಅದು ಹಾಗೆಯೇ ಅಂತೆ.

ನನಗೆ ಮೈಯೆಲ್ಲ ಉರಿಯುವುದು ಆ ಡಾಕ್ಟರುಗಳ ಮೇಲೆ. ಒಬ್ಬರು ವೈರಲ್ ಎಂದರು. ಇನ್ನೊಬ್ಬರು ಮೂತ್ರದ ಸೋಂಕು ಎಂದು ಆ್ಯಂಟಿಬಯಾಟಿಕ್ ಬರೆದರು. ಮೈಮೇಲೆ ದದ್ದು ಎದ್ದಾಗ ಮೂರನೆಯವರು, ಆ ಔಷಧವೇ ಒಗ್ಗಿಲ್ಲ ಎಂದರು. ಏಳು ತಿಂಗಳ ಕೂಸು, ಕಣ್ಣು ಕೆಂಡ, ತುಟಿ ಒಡೆದು ರಕ್ತ. ನೀವೋ, 'ದಡಾರ ಕಣ್ರೀ, ಅಮ್ಮ ಬಂದವ್ಳೆ' ಎಂದು ಬಾಗಿಲಿಗೆ ಬೇವಿನಸೊಪ್ಪು ಸಿಕ್ಕಿಸಿದಿರಿ. ಕಾಲೇಜಿನಲ್ಲಿ ಕಲಿತಿದ್ದೆ: ಎ ಸ್ಟಿಚ್ ಇನ್ ಟೈಮ್ ಸೇವ್ಸ್... ಏಳೋ ಒಂಬತ್ತೋ, ಮರೆತೆ. ನಮಗಂತೂ ಒಂಬತ್ತನೆಯ ದಿನವಾಗಿತ್ತು.

ಆ ದಿನ ಆಸ್ಪತ್ರೆಯ ವಾರ್ಡಿನಲ್ಲಿ ಆ ಚಿಕ್ಕ ಡಾಕ್ಟರಮ್ಮ ಕೂಸಿನ ಎಡತೋಳಿನ ಹಳದಿ ಪಟ್ಟು ನೋಡಿ, 'ಯಾರು ಇದು ಪೂಸಿನಾಂಗ?' ಎಂದು ಗದರಿದರು. ಹಚ್ಚಿದವರು ಯಾರೆಂದು ಕೇಳಿದ್ದೇ ತಡ, ಎಲ್ಲರ ಕಣ್ಣೂ ಬೇವು ಕಟ್ಟಿದ ನಿಮ್ಮ ಮೇಲೆ. ರಚನಾ, 'ನಿಂಗೆಷ್ಟು ಸಲ ಹೇಳೋದಮ್ಮಾ!' ಎಂದು ಕಿರುಚಿದಳು. 'ಹಳ್ಳಿ ಮದ್ದು ಇಲ್ಲಿ ನಡೆಯಲ್ಲ ಬೀಗಿತ್ತಿಯವರೇ' ಎಂದು ನಾನೂ ಒಗ್ಗರಣೆ ಹಾಕಿದೆ. ನೀವು ಸೆರಗು ಕಚ್ಚಿ ನಿಂತಿರಿ. ಸಂಜೆಯ ರೈಲಿಗೇ ಹೊರಟುಬಿಟ್ಟಿರಿ. ಏನು ಹಟ!

ಡಾಕ್ಟರಮ್ಮ ಒದ್ದೆ ಹತ್ತಿಯಿಂದ ಒರೆಸಿದರೆ, ಕೆಳಗೆ ಹುಟ್ಟಿದಾಗ ಚುಚ್ಚಿಸಿದ ಬಿ.ಸಿ.ಜಿ. ಗುರುತು ಕುಂಕುಮದ ಬೊಟ್ಟಿನ ಹಾಗೆ ಕೆಂಪಗೆ ಊದಿಕೊಂಡಿತ್ತು. ಎಳೆಗೂಸುಗಳಲ್ಲಿ ಲಕ್ಷಣಗಳೆಲ್ಲ ಒಟ್ಟಿಗೆ ಕಾಣುವುದಿಲ್ಲವಂತೆ. ಆದರೆ ಆ ಗುರುತು ಕೆಂಪಾದರೆ ಅನುಮಾನಿಸಲೇಬೇಕಂತೆ. ರಕ್ತನಾಳಗಳೇ ಉರಿದು ಊದುವ ಕಾಯಿಲೆ. ಹೆಸರು ಕವಾಸಕಿ. ಮೋಟಾರ್ ಬೈಕಲ್ಲವೇ ಎಂದು ಕೇಳಿ ಮಗ ಶ್ರೀನಾಥನಿಂದ ಬೈಸಿಕೊಂಡೆ. ಹತ್ತು ದಿನದೊಳಗೆ ಡ್ರಿಪ್ ಏರಿಸದಿದ್ದರೆ ಹೃದಯದ ನಾಳಗಳು ಉಬ್ಬುವ ಭಯ ಹೆಚ್ಚಂತೆ. ಅಂದೇ ಏರಿಸಿದರು. ಸ್ಕ್ಯಾನಿನಲ್ಲಿ ಒಂದು ನಾಳ ತುಸು ಊದಿದೆ. ಆರು ವಾರ ಬಿಟ್ಟು ಮತ್ತೆ ನೋಡಬೇಕು. ಅಲ್ಲಿಯವರೆಗೆ ದಿನವೂ ಆಸ್ಪಿರಿನ್. ರಚನಾ ನಿದ್ದೆಗೆಟ್ಟು ಒಣಗಿದ್ದಾಳೆ. ನಿಮ್ಮ ಹೆಸರೆತ್ತಿದರೆ ಎದ್ದು ಹೋಗುತ್ತಾಳೆ. ಕೂಸಿಗೆ ಲಾಲಿ ಹಾಡಲು ನನಗೆ ಬರುತ್ತದೆಯೇ?

ಇನ್ನೂ ಒಂದು ಮುಖ್ಯ ಮಾತು ಬರೆಯಬೇಕೆಂದೇ ಕೂತಿದ್ದೆ. ಏನೇನೋ ಗೀಚಿದೆ. ಅಷ್ಟರಲ್ಲಿ ಬೆಳಕು ಹೋಗುತ್ತಿದೆ, ಕಿಟಕಿಯ ಹತ್ತಿರ ಬಂದರೂ ಗೆರೆ ಕಾಣದು.

ಇಂತಿ,
ಸೀತಾರಾಮ

ಮರೆತಿದ್ದೆ: ಮರೆತಿರಲಿಲ್ಲ. ತೋಳು ಕೆಂಪಗಾದದ್ದು ಕಂಡು ಅರಿಶಿನ ತೇದು ಹಚ್ಚಿದವನು ನಾನು, ನೀವು ಸ್ನಾನಕ್ಕೆ ಹೋಗಿದ್ದಾಗ. ಶ್ರೀನಾಥ ಕೂಸಾಗಿದ್ದಾಗ ಅವನಮ್ಮ, ನಮ್ಮ ಶಾರದೆ, ಹಾಗೆಯೇ ಮಾಡುತ್ತಿದ್ದಳು. ವಾರ್ಡಿನಲ್ಲಿ ನನ್ನ ಹಳದಿ ಬೆರಳು ನಿಮಗೆ ಕಂಡಿತ್ತು. ಆದರೂ ನೀವು ಬಾಯಿ ಬಿಡಲಿಲ್ಲ. ಈ ಕಾಗದವನ್ನು ರಚನಾಳ ಕೈಗೆ ಕೊಟ್ಟು, ಅವಳು ಓದಿದ ಮೇಲೆಯೇ ಅಂಚೆಗೆ ಹಾಕುತ್ತೇನೆ. ನಿಮ್ಮ ಕೈ ಸೇರಿತೆಂದರೆ ಅವಳು ಓದಿದ್ದಾಳೆ ಎಂದೇ ತಿಳಿದು ಇಲ್ಲಿಗೆ ಹೊರಟು ಬನ್ನಿ.