ಬಚ್ಚಲ ಕಿಟಕಿಯ ಕಡ್ಡಿ

ನರಿಕೊಂಬು
೧೩-೨-೧೯೭೮

ಚಿ. ಸೌ. ಮೂಕಾಂಬಿಕೆಗೆ ಆಶೀರ್ವಾದಗಳು.

ತೋಡಾರಿನಲ್ಲಿ ನೀನು, ಮಗಳು ವಾಗ್ದೇವಿ, ಮೊಮ್ಮಗಳು ಹೇಗಿದ್ದೀರಿ? ಮಗು ರಾತ್ರಿ ಮಲಗುತ್ತದೋ, ತಾಯಿಯ ಹಾಗೆ ಊರನ್ನೇ ಎಬ್ಬಿಸುತ್ತದೋ? ಬಾಣಂತಿಯ ಮದ್ದು ಅರೆಯುವ ಗಡಿಬಿಡಿಯಲ್ಲಿ ನಿನ್ನ ಮಂಡಿನೋವನ್ನು ಮರೆಯಬೇಡ. ನಾನು ಸೌಖ್ಯವಾಗಿದ್ದೇನೆ. ಇದನ್ನು ಮೊದಲೇ ಬರೆಯಲು ಕಾರಣವಿದೆ. ಫರಂಗಿಪೇಟೆಯ ಅಬ್ದುಲ್ ವಹಾಬ್ ಸಾಹೇಬರು ಅಡಿಕೆ ವ್ಯಾಪಾರಕ್ಕೆ ನೀವಿರುವ ಮೂಡಬಿದಿರೆಯ ಕಡೆ ಬರುವವರು. ನಿನ್ನನ್ನು ಕಂಡರೆ ಮಾಸ್ತರರ ನಾಲಿಗೆ ಬೆಳ್ಳಗಾಗಿದೆ ಎಂದು ಹೇಳದೆ ಬಿಡುವವರಲ್ಲ. ಅದನ್ನು ಕೇಳಿ ನೀನು ಸಿಕ್ಕಿದ ಬಸ್ಸು ಹತ್ತಿದರೆ ವಾಗ್ದೇವಿಯ ಗತಿ ಏನು?

ಸಂಗತಿ ಇಷ್ಟೆ. ನೀನು ಹೋಗಿ ಕೆಲವು ದಿನಗಳಾದ ಮೇಲೆ ಕ್ಷೌರಕ್ಕೆಂದು ಕನ್ನಡಿ ಹಿಡಿದವನು ನಾಲಿಗೆ ನೋಡಿಕೊಂಡೆ. ಗೋಡೆಗೆ ಸುಣ್ಣ ಬಳಿದ ಹಾಗಿತ್ತು. ನಮ್ಮ ಅಣ್ಣನಿಗೂ ಕ್ಯಾನ್ಸರ್ ಬಾಯಿಯಲ್ಲೇ ಅಲ್ಲವೇ ಶುರುವಾದದ್ದು? ಹೊಗೆಸೊಪ್ಪು ತಿನ್ನುವುದರಲ್ಲಿ ನಾನೇನು ಅವನಿಗಿಂತ ಹಿಂದೆ ಬಿದ್ದವನಲ್ಲ. ನಿಜ ಹೇಳುತ್ತೇನೆ, ಹೆದರಿದೆ. ಶಾಲೆಯಲ್ಲಿ ಮಕ್ಕಳ ಎದುರು ಬಾಯಿ ತೆರೆಯಲೂ ಸಂಕೋಚವಾಗಿ, ಎರಡು ದಿನ ಬರೀ ಕಾಪಿ ಬರೆಸಿದೆ. ವಹಾಬ್ ಸಾಹೇಬರು ಇದು ಲಿವರಿನದ್ದೇ ಎಂದರು. ಪಕ್ಕದ ಮನೆಯ ಸರಸ ಉಷ್ಣವೆಂದು ಹೇಳಿ ಮಜ್ಜಿಗೆ ಕಳಿಸಿದಳು. ನಾನು ಇಬ್ಬರನ್ನೂ ನಂಬಿದೆ, ಮಜ್ಜಿಗೆಯನ್ನೂ ಕುಡಿದೆ. ನಾಲಿಗೆ ಮಾತ್ರ ಹಾಗೆಯೇ ಇತ್ತು.

ಕೊನೆಗೆ ಬಂಟ್ವಾಳ ಪೇಟೆಯ ಡಾಕ್ಟರರಲ್ಲಿಗೆ ಹೋದೆ. ಅವರು ಬಟ್ಟೆಯ ತುಂಡಿನಿಂದ ಉಜ್ಜಿದರು. ಬಿಳಿಯೆಲ್ಲ ಬಟ್ಟೆಗೆ ಬಂದು ಅಡಿಯಲ್ಲಿ ಕೆಂಪು ಕಂಡಿತು. ಉಜ್ಜಿದರೂ ಹೋಗದ ಕಲೆ ಇದ್ದಿದ್ದರೆ ಮಂಗಳೂರಿಗೆ ಕಳಿಸಬೇಕಿತ್ತಂತೆ. ಹಾಗೇನೂ ಇಲ್ಲವೆಂದು ಕೇಳಿದಾಗ ಆ ಬೆಂಚಿನ ಮೇಲೆ ಕುಳಿತಲ್ಲೇ ನನ್ನ ಕಣ್ಣು ತುಂಬಿತು, ಯಾರಿಗೂ ಹೇಳಬೇಡ. ಜ್ವರ ಬಂದರೆ, ನೀರು ಕಡಿಮೆ ಕುಡಿದರೆ, ಬಾಯಿ ತೆರೆದು ಮಲಗಿದರೆ, ಕೆಲವು ಮಾತ್ರೆ ನುಂಗಿದರೆ ಹೀಗೆ ದಪ್ಪಗೆ ಕಟ್ಟುವುದುಂಟಂತೆ. ಬೂಷ್ಟಿನಂಥದ್ದೂ ಬೆಳೆಯುವುದುಂಟು, ನನ್ನದು ಅದಲ್ಲ. ಹೊಗೆಸೊಪ್ಪಿಗೆ ಬೇರೆಯೇ ಬೈದರು. ಆಮೇಲೆ ಕೇಳಿದರು, "ಮಾಸ್ಟ್ರೇ, ನೀವು ನಾಲಿಗೆ ಉಜ್ಜುವುದು ಎಂತದರಲ್ಲಿ?"

ಬಚ್ಚಲ ಕಿಟಕಿಯಲ್ಲಿ ಇರುವ ಕಡ್ಡಿಯಲ್ಲಿ ಎಂದೆ. ಹೇಳುವಾಗಲೇ ಹೊಳೆಯಿತು, ಕಿಟಕಿ ಖಾಲಿಯಾಗಿ ಎಷ್ಟೋ ದಿನವಾಗಿದೆ. ತೆಂಗಿನ ಗರಿಯ ಕಡ್ಡಿಯನ್ನು ಸೀಳಿ, ಸಿಬಿರು ತೆಗೆದು, ನೀನು ಅಲ್ಲಿ ಇಡುತ್ತಿದ್ದೆ ಅಲ್ಲವೇ? ಇಷ್ಟು ವರ್ಷ ಬೆಳಿಗ್ಗೆ ಕೈ ಚಾಚಿದರೆ ಸಿಗುತ್ತಿತ್ತು, ಕಿಟಕಿಗೆ ಸರಳು ಇದ್ದ ಹಾಗೆ ಅದೂ ಇರುವುದೇ ಎಂದು ತಿಳಿದಿದ್ದೆ. ನೀರೂ ಅಷ್ಟೆ, ನೀನು ಲೋಟ ಕೈಗೆ ಕೊಡದಿದ್ದರೆ ನನಗೆ ಬಾಯಾರಿಕೆಯೇ ಆಗುವುದಿಲ್ಲ. ಅದನ್ನೂ ಹೇಳಿದ್ದಕ್ಕೆ ಡಾಕ್ಟರರು ಜೋರಾಗಿ ನಕ್ಕರು. "ಅಮ್ಮನವರು ಊರಲ್ಲಿಲ್ಲವಾ?" ಎಂದು ಮಾತ್ರ ಕೇಳಿದರು.

ಈಗ ಚೊಂಬಿನಲ್ಲಿ ನೀರು ತುಂಬಿಸಿ ಮೇಜಿನ ಮೇಲೇ ಇಟ್ಟುಕೊಂಡಿದ್ದೇನೆ. ಹೊಗೆಸೊಪ್ಪಿನ ಡಬ್ಬಿಯನ್ನು ಸರಸಳ ಕೈಗೆ ಕೊಟ್ಟಾಯಿತು. ನಾಲಿಗೆ ದಿನದಿನಕ್ಕೆ ಕೆಂಪಾಗುತ್ತಿದೆ. ಬಾಣಂತನದ ನಲವತ್ತು ದಿನ ಕಳೆಯುವ ತನಕ ನೀನು ಅಲ್ಲಿಂದ ಕದಲಬೇಡ, ಮಗಳಿಗೆ ನಿನ್ನ ಅಗತ್ಯ ಹೆಚ್ಚು. ಅಳಿಯಂದಿರಿಗೆ ನೆನಪುಗಳು, ಬಾಣಂತಿಗೂ ಮಗುವಿಗೂ ನನ್ನ ತುಂಬು ಹರಕೆ.

ಇತಿ,
ನಾರಾಯಣಮೂರ್ತಿ

ತಾ.ಕ.: ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ. ಕಡ್ಡಿಯನ್ನು ನಾನೇ ಸೀಳಲು ನೋಡಿದೆ, ಪ್ರತಿ ಸಲವೂ ನಡುವೆ ಮುರಿಯುತ್ತದೆ. ಸದ್ಯಕ್ಕೆ ಸರಸಳ ಮನೆಯದ್ದು ನಡೆಯುತ್ತಿದೆ. ಸೀಳುವ ಕ್ರಮವನ್ನು ಕಾಗದದಲ್ಲಿ ಬರೆಯಬೇಡ. ನಲವತ್ತು ಕಳೆದ ಮರುದಿನ ಬಂದು ತೋರಿಸು.